ತೋರಿಸೋರು ಯಾರು? ಮಾತಾಡೋರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ದೇಶ ದೇಶ ತೋರಿಸುವ ಪ್ರವಾಸಿ ಚಿತ್ರ ಅಂದರೆ ಯಾರಿಗೂ ಕೇಡಿಲ್ಲದ್ದು ಅಂತ ನಾವು ತಿಳಿದಿದ್ದೇವೆ. ಇವತ್ತು ಅದನ್ನೇ ಸ್ವಲ್ಪ ಕೆದಕಿ ನೋಡೋಣ.

ಅಮೆರಿಕದ ಜೇಮ್ಸ್ ಫಿಟ್ಜ್‌ಪ್ಯಾಟ್ರಿಕ್ ಎಂಬಾತ 1930ರಿಂದ 1954ರವರೆಗೆ ಎಂಜಿಎಂ ಕಂಪನಿಗೆ 'ಟ್ರಾವೆಲ್‌ಟಾಕ್ಸ್' ಎಂಬ ಕಿರುಚಿತ್ರಗಳನ್ನು ಮಾಡಿಕೊಟ್ಟ. ಒಂದೊಂದೂ ಹತ್ತು ನಿಮಿಷದ ಆಸುಪಾಸು. ದೊಡ್ಡ ಸಿನಿಮಾ ಶುರುವಾಗೋ ಮೊದಲು ಥೇಟರಿನಲ್ಲಿ ಹಾಕುತ್ತಿದ್ದರು. 1931ರಲ್ಲಿ ನಮ್ಮ ಕಾಶಿಯೂ ಅದರಲ್ಲಿ ಬಂತು. 1934ರಿಂದ ಬಣ್ಣವೂ ಬಂತು. ಎಷ್ಟೋ ನಾಡಿನ ಜನ ಪರದೆ ಮೇಲೆ ಕುಣಿದರು, ನೇಯ್ದರು, ಹೊರೆ ಹೊತ್ತರು, ಕ್ಯಾಮರಾ ನೋಡಿ ನಕ್ಕರು. ಮಾತು ಮಾತ್ರ ಫಿಟ್ಜ್‌ಪ್ಯಾಟ್ರಿಕನದು. ಸ್ಥಳದಲ್ಲಿ ಚಿತ್ರ ಹಿಡಿದು, ಮಾತು ಸಂಗೀತವನ್ನು ಆಮೇಲೆ ಸೇರಿಸುತ್ತಿದ್ದರು. ಹೊರೆ ಹೊತ್ತವನ ಹೆಸರೇನು, ಕೂಲಿ ಎಷ್ಟು, ಹೊರೆ ಯಾರದು? ಅದನ್ನು ಕೇಳೋದು ಆ ಚಿತ್ರಗಳ ಕೆಲಸವಾಗಿರಲಿಲ್ಲ.

ಯಂತ್ರಗಳು ಭಾರ ಇದ್ದವು, ಸ್ಥಳದಲ್ಲೇ ಮಾತು ಹಿಡಿಯೋದು ಕಷ್ಟ ಇತ್ತು ಅಂತ ಯಾರಾದರೂ ಹೇಳಬಹುದು. ನಿಜವೇ. ಆದರೆ ಕಾನೂನೂ ಭಾರ ಇತ್ತಲ್ಲ! ಆಫ್ರಿಕಾದ ತನ್ನ ವಸಾಹತುಗಳಲ್ಲಿ ಸಿನಿಮಾ ತೆಗೆಯಲು ಸರ್ಕಾರದ ಒಪ್ಪಿಗೆ ಬೇಕು ಅಂತ ಫ್ರಾನ್ಸ್ 1934ರಲ್ಲಿ ಆಜ್ಞೆ ಹೊರಡಿಸಿತು. 1955ರಲ್ಲಿ ಪೌಲಿನ್ ವಿಯೆರಾ ಮತ್ತು ಗೆಳೆಯರು ಚಿತ್ರ ಮಾಡಲು ಹೊರಟಾಗ ತಮ್ಮ ನಾಡಿನಲ್ಲಿ ಒಪ್ಪಿಗೆ ಸಿಗಲಿಲ್ಲ. ಪ್ಯಾರಿಸ್ಸಿನ ಬೀದಿಯಲ್ಲೇ ತೆಗೆದರು. ನೋಡಿಸಿಕೊಳ್ಳಲು ತಡೆ ಇರಲಿಲ್ಲ, ನೋಡಲು ಇತ್ತು!

ಹಂಗಂತ ಹೊರಗಿನವರೆಲ್ಲ ಒಂದೇ ಅಂತ ನಾವು ಹೇಳುವುದಿಲ್ಲ. 1958ರಲ್ಲಿ ಫ್ರಾನ್ಸಿನ ಜಾನ್ ರೂಶ್ ಅಬಿಜಾನ್ ನಗರದ ವಲಸೆ ಕೂಲಿಗಾರರ ಚಿತ್ರ ಮಾಡಿದರು. ಕೂಲಿಗಾರನಾಗಿ ಕಾಣಿಸಿಕೊಂಡ ನೈಜರ್ ದೇಶದ ಊಮಾರು ಗಾಂಡಾ, ತೆಗೆದ ಚಿತ್ರ ನೋಡುತ್ತಾ ಮಾತನ್ನು ತಾವೇ ಹೇಳಿದರು. ಮುಂದೆ ತಾವೇ ನಿರ್ದೇಶಕರಾದರು. ಆದರೂ 1965ರಲ್ಲಿ ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ ರೂಶ್ ಎದುರಿಗೇ ಅಂದರು: ನೀವು ನಮ್ಮನ್ನು ಹುಳಗಳ ಹಾಗೆ ನೋಡ್ತೀರಿ ಅಂತ.

ಸೆಂಬೆನ್ ಮಾರ್ಸೇಲ್ ಬಂದರಿನಲ್ಲಿ ಹಮಾಲಿ ಮಾಡಿದ್ದವರು. 1963ರಲ್ಲಿ ಡಕಾರಿನ ಕುದುರೆಗಾಡಿಯವನ ಒಂದು ದಿನವನ್ನು 'ಬೊರೊಮ್ ಸರೆಟ್' ಎಂಬ ಸಣ್ಣ ಚಿತ್ರ ಮಾಡಿದರು. ಸಾಹುಕಾರರ ಬಡಾವಣೆಗೆ ಹೋದ ತಪ್ಪಿಗೆ ಪೊಲೀಸು ಅವನ ಗಾಡಿ ಕಿತ್ತುಕೊಳ್ಳುತ್ತದೆ. ಕುದುರೆ ಹಿಡಿದುಕೊಂಡು ಬರಿಗೈಲಿ ಮನೆಗೆ ಬರ್ತಾನೆ. ಪ್ರವಾಸಿ ಚಿತ್ರದವರು ಬಂದಿದ್ದರೆ ಆ ಗಾಡಿ ಚೆಂದಾಗಿ ಕಾಣ್ತಿತ್ತು. ಇಲ್ಲಿ ಗಾಡಿಯವನ ಮನಸ್ಸೇ ಮಾತಾಡ್ತದೆ. ಮಾತು ಇನ್ನೂ ಫ್ರೆಂಚಿನದು. 1968ರ 'ಮಂಡಾಬಿ'ಯಲ್ಲಿ ಸೆಂಬೆನ್ ತಮ್ಮ ಜನರ ವೋಲೋಫ್ ಭಾಷೆಗೇ ಬಂದರು. ಮೊದಲು ಕ್ಯಾಮರಾ, ಆಮೇಲೆ ದನಿ, ಆಮೇಲೆ ತಾಯಿನುಡಿ. ಒಂದೊಂದನ್ನೂ ದಕ್ಕಿಸಿಕೊಳ್ಳಬೇಕಾಯಿತು.

ಗೆಳೆಯರೇ, ಈಗ ನಮ್ಮ ಕೈಗೂ ಮೊಬೈಲ್ ಬಂದಿದೆ. ರಜಕ್ಕೆ ಕೇರಿಗೆ ಹೋಗುತ್ತೇವೆ. ಸೌದೆ ಹೊರೆ ಹೊತ್ತು ಬರೋ ಅವ್ವನ ಚಿತ್ರ ತೆಗೆಯುತ್ತೇವೆ, ನಾಲ್ಕು ಜನಕ್ಕೆ ತೋರಿಸುತ್ತೇವೆ. ಅವ್ವನ್ನ ಒಂದು ಮಾತು ಕೇಳಿದೆವಾ? ಹೊರೆ ಇಳಿಸಲು ಕೈ ಕೊಟ್ಟೆವಾ? ಕೇಳದಿದ್ದರೆ ನಾವೂ ಅವಳ ಪಾಲಿಗೆ ಪ್ರವಾಸಿಗಳೇ.

ಓದು ಕಲಿತ ನಾವು ಇಷ್ಟಾದರೂ ಮಾಡಬೇಕು: ಹೊರೆ ಇಳಿಸಿ ಪಕ್ಕದಲ್ಲಿ ಕೂರಬೇಕು. ಮೊದಲು ಅವ್ವ ಮಾತಾಡಲಿ.