ಬಡವರ ಆರೋಗ್ಯ ಮತ್ತು ನೆರೆಹೊರೆಯ ಹೊಣೆ

(ಪುಣೆಯಲ್ಲಿ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡು-ನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಬೆಳಗಿನಿಂದ ಅಂಥ ಮಾತುಗಳನ್ನು ಕೇಳಿ ಎಲ್ಲರೂ ಸಂತೋಷಪಟ್ಟಿದ್ದೇವೆ. ಈಗ ತಮ್ಮ ಅಪ್ಪಣೆಯಾದರೆ ಆ ನುಡಿಯನ್ನಾಡುವ ಜನರ ಮೈಯ ಕ್ಷೇಮವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಆಡುವ ಬಾಯಿ ಸುಖವಾಗಿದ್ದರೆ ತಾನೆ ನುಡಿ ಉಳಿಯುವುದು?

ಪುಣೆಯ ಕನ್ನಡಿಗರೆಂದರೆ ಈ ಸಭಾಗೃಹದಲ್ಲಿ ಕುಳಿತ ನಾವಷ್ಟೇ ಅಲ್ಲ. ಊರಿನ ಸುತ್ತಲೂ ಏಳುತ್ತಿರುವ ಇಪ್ಪತ್ತಂತಸ್ತಿನ ಮನೆಗಳ ಬುಡದಲ್ಲಿ ತಗಡಿನ ಗುಡಿಸಲುಗಳಿವೆ. ಸಂಜೆಯ ಹೊತ್ತಿಗೆ ಅಲ್ಲಿ ಹೋಗಿ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಸೀಮೆಯ ಕನ್ನಡ ಕಿವಿಗೆ ಬೀಳುತ್ತದೆ. ಗಾರೆಯವರು, ಇಟ್ಟಿಗೆ ಹೊರುವವರು, ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ತಾಯಂದಿರು, ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗರು, ಇವರೆಲ್ಲ ನಮ್ಮವರೇ. ಸಂಘದ ಚಂದಾಪುಸ್ತಕದಲ್ಲಿ ಇವರ ಹೆಸರು ಇಲ್ಲದಿರಬಹುದು. ಆದರೆ ನಾವಾಡುವ ನುಡಿ ಇವರದೂ ಹೌದು.

ದಿನಗೂಲಿಯವನಿಗೆ ಕಾಯಿಲೆಯೆಂದರೆ ಒಮ್ಮೆಗೇ ಎರಡು ಪೆಟ್ಟು. ಒಂದು ಕಡೆ ಮದ್ದಿನ ಖರ್ಚು, ಇನ್ನೊಂದು ಕಡೆ ಕೈತಪ್ಪಿದ ಕೂಲಿ. ಆದುದರಿಂದ ಅವನು ಜ್ವರವನ್ನು ನುಂಗಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಕೆಮ್ಮು ಬಂದರೆ ಧೂಳಿನಿಂದ ಬಂತೆಂದು ಸುಮ್ಮನಿರುತ್ತಾನೆ. ತೀರ ಮಲಗಿದಾಗ ದವಾಖಾನೆಯನ್ನು ಕಾಣುತ್ತಾನೆ. ಅಷ್ಟರಲ್ಲಿ ಐವತ್ತು ರೂಪಾಯಿಯಲ್ಲಿ ತೀರಬಹುದಾಗಿದ್ದ ಕೆಲಸ ಐವತ್ತು ಸಾವಿರಕ್ಕೆ ಏರಿರುತ್ತದೆ. ಊರಿನ ತುಂಡು ಹೊಲ ಸಾಹುಕಾರನ ಕೈಸೇರುತ್ತದೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ನಮ್ಮ ಹಿರಿಯರು ಹೇಳಿದ್ದು ನಿಜ. ಆದರೆ ಊಟವೇ ಸಾಲದವನು ಏನು ಮಾಡಬೇಕು?

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದು ನ್ಯಾಯವಲ್ಲ. ಹಣವಿಲ್ಲವೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು 1946ರಲ್ಲಿಯೇ ಭೋರ್ ಸಮಿತಿ ಹೇಳಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ವೆಚ್ಚ ದೊರೆಯುತ್ತದೆ. ಆದರೆ ಈ ನೆರವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ದಿನನಿತ್ಯದ ರಕ್ತದೊತ್ತಡದ ಗುಳಿಗೆಗೆ, ಮಗುವಿನ ಭೇದಿಗೆ, ಬಸುರಿಯ ತಪಾಸಣೆಗೆ ಬೇಕಾದದ್ದು ಬೇರೆಯೇ ಒಂದು ಏರ್ಪಾಡು. ಅದು ಮನೆಯ ಹತ್ತಿರ ಇರಬೇಕು, ನಂಬಿಕೆಯುಳ್ಳದ್ದಾಗಿರಬೇಕು, ಬಡವನ ಕೈಗೆ ಎಟುಕಬೇಕು.

ಅಂಥ ಏರ್ಪಾಡು ಬರಿಯ ಕನಸೇ? ಅಲ್ಲ. ಅದನ್ನು ಕಟ್ಟಿ ತೋರಿಸಿದ ಒಂದು ಊರು ನಾವಿರುವ ಈ ಮಹಾರಾಷ್ಟ್ರದಲ್ಲಿಯೇ ಇದೆ. ಅಹಮದನಗರ ಜಿಲ್ಲೆಯ ಜಾಮಖೇಡ ಎಂಬ ಊರು ಅದು. ಜಿಲ್ಲೆಗೆ 2024ರಿಂದ ಅಹಿಲ್ಯಾನಗರವೆಂದು ಹೆಸರಾಗಿದೆ. ನಮ್ಮ ವಿಜಯಪುರದ ಕಡೆಯಂತೆಯೇ ಅದೂ ಮಳೆಗಾಗಿ ಬಾಯಿಬಿಡುವ ನೆಲ. ವೆಲ್ಲೂರಿನಲ್ಲಿ ಕಲಿತು, ಅಮೆರಿಕದಲ್ಲಿ ಹೆಚ್ಚಿನ ವ್ಯಾಸಂಗ ಮುಗಿಸಿದ ಡಾ. ರಜನೀಕಾಂತ ಆರೋಳೆ ಮತ್ತು ಅವರ ಪತ್ನಿ ಡಾ. ಮೇಬಲ್ ಆರೋಳೆ 1970ರಲ್ಲಿ ಅಲ್ಲಿ ಹೋಗಿ ನೆಲೆಸಿದರು. ಆಗ ಆ ಹಳ್ಳಿಗಳಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 176 ಕೂಸುಗಳು ವರ್ಷ ತುಂಬುವ ಮೊದಲೇ ಮಣ್ಣುಪಾಲಾಗುತ್ತಿದ್ದವು.

ಡಾಕ್ಟರ ದಂಪತಿಗಳು ಮೊದಲು ಪಟ್ಟಣದಲ್ಲಿ ತರಬೇತಿ ಪಡೆದ ನರ್ಸುಗಳನ್ನು ಹಳ್ಳಿಗಳಲ್ಲಿ ಇರಿಸಲು ನೋಡಿದರು. ಅದು ಸಾಗಲಿಲ್ಲ. ಪರ ಊರಿನ ಹೆಣ್ಣುಮಗಳು ಒಂಟಿಯಾಗಿ ಹಳ್ಳಿಯಲ್ಲಿ ಇರುವುದೂ ಕಷ್ಟ, ಹಳ್ಳಿಯವರು ಅವಳ ಮಾತಿಗೆ ಒಪ್ಪುವುದೂ ಕಷ್ಟ. ಕಡೆಗೆ ಆಯಾ ಹಳ್ಳಿಯವರೇ ತಮ್ಮಲ್ಲಿ ಒಬ್ಬ ಹೆಂಗಸನ್ನು ಆರಿಸಿ ಕಳಿಸುವ ಪದ್ಧತಿಗೆ ಬಂದರು. ಬಂದವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಅನೇಕರು ದಲಿತ ಕೇರಿಯವರು. ವಾರಕ್ಕೊಮ್ಮೆ ಜಾಮಖೇಡಕ್ಕೆ ಬಂದು, ಒಟ್ಟಿಗೆ ಕುಳಿತು, ಮಾತಿನಿಂದ, ಹಾಡಿನಿಂದ ಅವರು ಕಲಿತರು. ಕಲಿತದ್ದನ್ನು ಹಳ್ಳಿಗೆ ಹೋಗಿ ಹೇಳಿದರು. ಹೆರಿಗೆಯಲ್ಲಿ ಶುಚಿ, ಕೂಸಿನ ತೂಕ, ಭೇದಿಗೆ ಉಪ್ಪು-ಸಕ್ಕರೆಯ ನೀರು, ಕುಷ್ಠದ ಮಚ್ಚೆಯನ್ನು ಗುರುತಿಸುವ ಬಗೆ, ಇವೇ ಅವರ ಪಾಠ. ಕೈಮೀರಿದ ರೋಗಿಯನ್ನು ಜಾಮಖೇಡದ ಆಸ್ಪತ್ರೆಗೆ ಕಳಿಸುತ್ತಿದ್ದರು.

ಮದ್ದಿಗಿಂತ ಮೊದಲು ನೀರು ಬೇಕೆಂಬುದು ಅಲ್ಲಿ ಬೇಗನೆ ತಿಳಿಯಿತು. 1972ರ ಸುಮಾರಿಗೆ ಮಹಾರಾಷ್ಟ್ರಕ್ಕೆ ಭೀಕರ ಬರ ಬಂದಾಗ ಕೊಳವೆಬಾವಿಗಳನ್ನು ತೋಡಿಸಿದರು, ಮತ್ತು ಹಲವು ಕಡೆ ದಲಿತರ ಕೇರಿಯಲ್ಲಿಯೇ ತೋಡಿಸಿದರು. ನೀರು ಬೇಕಾದ ಮೇಲ್ಜಾತಿಯ ಮನೆಯವರೂ ಅಲ್ಲಿಗೇ ಕೊಡ ಹಿಡಿದು ಬರಬೇಕಾಯಿತು. ರೈತರ ಕೂಟಗಳೂ ಮಹಿಳಾ ಮಂಡಲಗಳೂ ಹುಟ್ಟಿದವು. ಹೀಗೆ ಶಿಶುಮರಣ ವರ್ಷದಿಂದ ವರ್ಷಕ್ಕೆ ಇಳಿಯುತ್ತ 1990ರ ದಶಕದ ಕೊನೆಯ ಹೊತ್ತಿಗೆ ಸಾವಿರಕ್ಕೆ 30ಕ್ಕಿಂತ ಕೆಳಗೆ ಬಂತು. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇತರ ದೇಶಗಳಿಗೆ ಮಾದರಿಯೆಂದು ಪ್ರಕಟಿಸಿದ ಪುಸ್ತಕದಲ್ಲಿ ಜಾಮಖೇಡಕ್ಕೂ ಒಂದು ಅಧ್ಯಾಯ ದೊರೆಯಿತು. 1979ರಲ್ಲಿ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಬ್ಬರೂ ಈಗ ಇಲ್ಲ. ಮೇಬಲ್ ಅವರು 1999ರಲ್ಲಿ, ರಜನೀಕಾಂತರು 2011ರಲ್ಲಿ ತೀರಿಕೊಂಡರು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತಬಹುದು: ಅಕ್ಷರ ಬಾರದವರ ಕೈಗೆ ವೈದ್ಯವನ್ನು ಕೊಡುವುದು ಅಪಾಯವಲ್ಲವೆ? ಅರೆವೈದ್ಯ ಜೀವಕ್ಕೆ ಮುಳುವಲ್ಲವೆ? ಆಕ್ಷೇಪ ಯೋಗ್ಯವಾದುದೇ. ಇದಕ್ಕೆ ಉತ್ತರವನ್ನು ಮಹಾರಾಷ್ಟ್ರದ ಇನ್ನೊಂದು ಮೂಲೆಯಾದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಲೆಕ್ಕವಿಟ್ಟು ಕೊಟ್ಟಿದ್ದಾರೆ. 39 ಹಳ್ಳಿಗಳಲ್ಲಿ ಆಯಾ ಊರಿನ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದರು. ಕೂಸನ್ನು ಬೆಚ್ಚಗಿಡುವುದು, ತೂಕ ನೋಡುವುದು, ಸೋಂಕಿನ ಚಿಹ್ನೆಯನ್ನು ಗುರುತಿಸಿ ಗೊತ್ತಾದ ಔಷಧ ಕೊಡುವುದು, ಇಷ್ಟೇ ಪಾಠ. ಬೇರೆ ಹಳ್ಳಿಗಳನ್ನು ಪಕ್ಕದಲ್ಲಿರಿಸಿ ಹೋಲಿಸಿದರು. ಮೂರನೆಯ ವರ್ಷಕ್ಕೆ ಈ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಕಡಿಮೆಯಾಗಿತ್ತು. 1999ರಲ್ಲಿ ಇದು ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ಮನೆಗೆ ಹೋಗಿ ಕೂಸನ್ನು ನೋಡುವ ಈ ಕ್ರಮವನ್ನು ದೇಶದ ಆಶಾ ಕಾರ್ಯಕರ್ತೆಯರ ಕೆಲಸದಲ್ಲಿ ಸೇರಿಸಲಾಯಿತು. ಅಂದಮೇಲೆ ಅಪಾಯವಿರುವುದು ಕೊಂಚವೇ ಕಲಿತವರಲ್ಲಿ ಅಲ್ಲ, ತನ್ನ ಎಲ್ಲೆಯನ್ನು ಅರಿಯದವರಲ್ಲಿ. ಎಲ್ಲೆಯನ್ನು ಕಲಿಸಿ, ಬೆನ್ನಿಗೆ ಒಬ್ಬ ಡಾಕ್ಟರರು ನಿಂತರೆ ನೆರೆಮನೆಯ ಹೆಂಗಸು ಜೀವ ಉಳಿಸಬಲ್ಲಳು.

ನಮ್ಮ ತಾಯ್ನಾಡೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಹೆಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ತೆರೆದು, ಚಿಕಿತ್ಸೆಯ ಜೊತೆಗೆ ಶಾಲೆಯನ್ನೂ ಕಸುಬನ್ನೂ ಕಟ್ಟಿದರು. 2003ರಲ್ಲಿ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ರೈತರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ, ಸರ್ಕಾರದ ನೆರವೂ ಸೇರಿ, ಶಸ್ತ್ರಚಿಕಿತ್ಸೆಯ ಸೌಲಭ್ಯವನ್ನು ಪಡೆದರು. 2018ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಲೀನವಾಯಿತು. 2022ರಲ್ಲಿ ಮತ್ತೆ ಜಾರಿಗೆ ಬಂತು. ಹನಿಗೂಡಿದರೆ ಹಳ್ಳವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ಪುಣೆಯ ಮಾತು. ತಗಡಿನ ಗುಡಿಸಲಿನ ಕನ್ನಡಿಗನಿಗೆ ಹಣದ ತೊಂದರೆಯ ಜೊತೆಗೆ ಇನ್ನೂ ಎರಡು ತೊಂದರೆಗಳಿವೆ. ಮೊದಲನೆಯದು ಮಾತು. "ಜೀವ ತಳಮಳಸತದ", "ಹೊಟ್ಟಿ ತೊಳಸತದ", "ಎದಿಯಾಗ ಚುಳುಕ್ ಅಂತದ" ಎಂದು ಅವನು ಹೇಳುವುದನ್ನು ಮರಾಠಿ ಬಲ್ಲ ಡಾಕ್ಟರು ಹೇಗೆ ತಿಳಿಯಬೇಕು? ಸಂಕಟವೆಂಬ ಒಂದೇ ಮಾತನ್ನು ನಾವು ವಾಕರಿಕೆಗೂ ಹೇಳುತ್ತೇವೆ, ಮನಸ್ಸಿನ ದುಃಖಕ್ಕೂ ಹೇಳುತ್ತೇವೆ. ಡಾಕ್ಟರರ ತಪ್ಪಿಲ್ಲ, ರೋಗಿಯ ತಪ್ಪೂ ಇಲ್ಲ, ನಡುವೆ ನಿಲ್ಲುವವರಿಲ್ಲ. ಎರಡನೆಯದು ಅಲೆದಾಟ. ಕ್ಷಯದ ಮದ್ದನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಸರ್ಕಾರ ಅದನ್ನು ಬೆಲೆಯಿಲ್ಲದೆ ಕೊಡುತ್ತದೆ. ಆದರೆ ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಅಷ್ಟರಲ್ಲಿ ಬಿತ್ತನೆಗೆ ಊರಿನಿಂದ ಕರೆ ಬರುತ್ತದೆ, ಮದ್ದು ಇಲ್ಲಿಯೇ ಉಳಿಯುತ್ತದೆ. ಹಾಗೆ ಅರ್ಧಕ್ಕೆ ಬಿಟ್ಟ ರೋಗ ಮದ್ದಿಗೆ ಬಗ್ಗದೆ ಮರಳಿ ಬರಬಹುದು, ಹೆಂಡತಿ-ಮಕ್ಕಳಿಗೂ ತಗಲಬಹುದು.

ಈ ಎರಡು ತೊಂದರೆಗಳನ್ನು ನೀಗಿಸಲು ದೊಡ್ಡ ಕಟ್ಟಡ ಬೇಕಿಲ್ಲ. ಕನ್ನಡ ಸಂಘದ ಕೈಲಿರುವ ಸಾಧನವೇ ಸಾಕು. ಆ ಸಾಧನ ನಮ್ಮ ನುಡಿ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕೊಟ್ಟವು. ಅಕ್ಷರಕ್ಕೆ ಆಗ ಮಾಡಿದ್ದನ್ನು ಆರೋಗ್ಯಕ್ಕೆ ಈಗ ಮಾಡಬಹುದು. ಇದಕ್ಕಾಗಿ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು, ಕನ್ನಡವನ್ನೂ ಮರಾಠಿಯನ್ನೂ ಬಲ್ಲ ಸದಸ್ಯರು ಸರದಿಯ ಮೇಲೆ ಸರ್ಕಾರಿ ದವಾಖಾನೆಗೆ ರೋಗಿಯ ಜೊತೆ ಹೋಗುವುದು. ನಿವೃತ್ತರಾದ ಹಿರಿಯರು ವಾರಕ್ಕೊಂದು ಮುಂಜಾನೆ ಕೊಟ್ಟರೂ ಸಾಕು. ಆದರೆ ರೋಗಿಯ ಗುಟ್ಟು ರೋಗಿಯದು. ಅದು ಸಂಘದ ಕಟ್ಟೆಯ ಮಾತಾಗಕೂಡದು.

ಎರಡನೆಯದು, ಪ್ರತಿಯೊಂದು ವಸತಿಯಿಂದ ಅಲ್ಲಿಯವರೇ ಆರಿಸಿದ ಇಬ್ಬರಿಗೆ, ಅವರಲ್ಲಿ ಒಬ್ಬಳಾದರೂ ಹೆಂಗಸಾಗಿರಬೇಕು, ನಮ್ಮ ಡಾಕ್ಟರುಗಳೂ ನರ್ಸುಗಳೂ ಭಾನುವಾರಗಳಂದು ಪಾಠ ಹೇಳುವುದು. ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಅಳತೆ; ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ; ಬಸುರಿಗೆ ಮುಖ ಊದಿದರೆ, ತಲೆ ಸಿಡಿದರೆ, ರಕ್ತ ಕಂಡರೆ ಆ ಗಳಿಗೆಯೇ ಆಸ್ಪತ್ರೆ; ವರ್ಷ ತುಂಬಿದ ಮಗು ನಿಮಿಷಕ್ಕೆ 40 ಸಲ ಅಥವಾ ಹೆಚ್ಚು ಉಸಿರಾಡಿದರೆ ತಡಮಾಡದೆ ಡಾಕ್ಟರ ಬಳಿಗೆ. ಇವು ಯಾರೂ ಕಲಿಯಬಹುದಾದ ಪಾಠಗಳು.

ಮೂರನೆಯದು, ಕ್ಷಯದ ಪ್ರತಿ ರೋಗಿಗೂ ಒಬ್ಬ ಜೊತೆಗಾರ. ರೋಗಿ ಊರಿಗೆ ಹೊರಟರೆ ದವಾಖಾನೆಯಲ್ಲಿ ಮುಂಚೆಯೇ ತಿಳಿಸಿ, ಚಿಕಿತ್ಸೆಯನ್ನು ಅವನ ತಾಲೂಕಿಗೆ ವರ್ಗಾಯಿಸಿಕೊಡಬೇಕು. ದೇಶಕ್ಕೆಲ್ಲ ಒಂದೇ ಆದ ನಿಕ್ಷಯ್ ದಾಖಲೆಯಿಂದ ಇದು ಸಾಧ್ಯ. ಪೌಷ್ಟಿಕ ಆಹಾರಕ್ಕೆ 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾಗಿ, 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿದ ಸರ್ಕಾರದ ಸಹಾಯ ರೋಗಿಯ ಬ್ಯಾಂಕಿನ ಖಾತೆಗೆ ಬಂದಿದೆಯೇ ಎಂದು ನೋಡುವುದೂ ಜೊತೆಗಾರನ ಕೆಲಸ.

ನಾಲ್ಕನೆಯದು, ಒಂದು ಆರೋಗ್ಯನಿಧಿ. ಇದನ್ನು ದಾನದ ಪೆಟ್ಟಿಗೆಯೆಂದು ತಿಳಿಯಬೇಡಿರಿ. ನಾವೂ ಕೊಡೋಣ, ಅವರೂ ತಮ್ಮ ಶಕ್ತಿಗೆ ತಕ್ಕಂತೆ ತಿಂಗಳಿಗೆ ಹತ್ತೋ ಇಪ್ಪತ್ತೋ ಕೊಡಲಿ. ಲೆಕ್ಕ ನೋಡುವ ಸಮಿತಿಯಲ್ಲಿ ಅರ್ಧ ಜನ ಅವರೇ ಇರಲಿ. ಮದರಾಸಿನಲ್ಲಿ ಡಾ. ಕೆ. ಎಸ್. ಸಂಜೀವಿ 1958ರಲ್ಲಿ ಸ್ಥಾಪಿಸಿದ ವಾಲಂಟರಿ ಹೆಲ್ತ್ ಸರ್ವಿಸಸ್ ಸಂಸ್ಥೆ, ಕುಟುಂಬಗಳು ಆದಾಯಕ್ಕೆ ತಕ್ಕ ಚಂದಾ ಕೊಟ್ಟು ಆರೋಗ್ಯದ ಹೊಣೆಯನ್ನು ಹಂಚಿಕೊಳ್ಳುವ ಇಂಥ ದಾರಿಯನ್ನೇ ಹಿಡಿಯಿತು. ಚಂದಾ ಕೊಟ್ಟವನು ತಲೆಯೆತ್ತಿ ಬರುತ್ತಾನೆ, ಬಂದು ಕೇಳುತ್ತಾನೆ. ಬರಿಯ ಭಿಕ್ಷೆ ಪಡೆದವನು ಕಾಯಿಲೆ ಬಲಿಯುವತನಕ ಸಂಕೋಚದಿಂದ ಹಿಂದೆ ಸರಿಯುತ್ತಾನೆ.

ವರ್ಷಕ್ಕೊಮ್ಮೆ ಉಚಿತ ಶಿಬಿರ ನಡೆಸುವುದು ಒಳ್ಳೆಯ ಕೆಲಸವೇ. ಆದರೆ ಶಿಬಿರದಲ್ಲಿ ರಕ್ತದೊತ್ತಡ ಇದೆಯೆಂದು ಹೇಳಿ ಹತ್ತು ದಿನದ ಗುಳಿಗೆ ಕೊಟ್ಟರೆ ಹನ್ನೊಂದನೆಯ ದಿನ ಅವನು ಯಾರನ್ನು ಕೇಳಬೇಕು? ಜನೌಷಧಿ ಅಂಗಡಿ ಎಲ್ಲಿದೆಯೆಂದು ತೋರಿಸುವ, ಗುಳಿಗೆ ತೆಗೆದುಕೊಂಡೆಯಾ ಎಂದು ವಾರಕ್ಕೊಮ್ಮೆ ವಿಚಾರಿಸುವ ಒಬ್ಬ ನೆರೆಯವನು ಬೇಕು. ಜಾಮಖೇಡದ ಹೆಂಗಸರು ಮಾಡಿದ್ದು ಅದನ್ನೇ. ಅವರು ಹಳ್ಳಿಗೆ ಬಂದು ಹೋಗುವವರಾಗಿರಲಿಲ್ಲ, ಹಳ್ಳಿಯಲ್ಲೇ ಇರುವವರಾಗಿದ್ದರು.

ಮಹನೀಯರೆ, ಹೊರನಾಡಿನಲ್ಲಿ ಕನ್ನಡ ಸಂಘವೆಂದರೆ ನಾಟಕ, ಸಂಗೀತ, ಹಬ್ಬದೂಟ. ಇವೆಲ್ಲವೂ ಇರಲಿ, ಇನ್ನಷ್ಟು ಚೆನ್ನಾಗಿ ನಡೆಯಲಿ. ಅವುಗಳ ಜೊತೆಗೆ, ಪರಸ್ಥಳದಲ್ಲಿ ಮೈಗೆ ಆಗದೆ ಮಲಗಿದ ಕನ್ನಡಿಗನೊಬ್ಬನಿಗೆ ಅವನ ನುಡಿಯಲ್ಲಿಯೇ "ಏನಾಗ್ತದಪ್ಪಾ?" ಎಂದು ಕೇಳುವ ಸಂಘವೂ ಇದಾಗಲಿ. ಹೆಸರು ಕೊಡಲಿಚ್ಛಿಸುವವರಿಗಾಗಿ ಬಾಗಿಲ ಬಳಿ ಒಂದು ವಹಿಯನ್ನು ಇರಿಸಿದ್ದೇವೆ. ಊಟಕ್ಕೆ ಹೋಗುವ ಮುನ್ನ ಅದರಲ್ಲಿ ತಮ್ಮ ಹೆಸರನ್ನೂ ವಾರದಲ್ಲಿ ಬಿಡುವಿರುವ ಹೊತ್ತನ್ನೂ ಬರೆದು ಹೋಗಬೇಕೆಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.