ತೆನೆಹಬ್ಬದ ದಿನ ಒಂದು ಪ್ರಶ್ನೆ
(ಕನ್ಯಾ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ, ಸೆಪ್ಟೆಂಬರ್ 8)



ಒಂಬತ್ತು ದಿನ ನಮ್ಮ ಮಕ್ಕಳು ಮಾತೆಗೆ ಹೂ ಅರ್ಪಿಸಿದರು. ಇಂದು ಭತ್ತದ ತೆನೆಗಳನ್ನು ಆಶೀರ್ವದಿಸಿದ್ದೇವೆ. ಈ ತೆನೆಗೆ ಬೇಕಾದ ಮಳೆಯೇ ಹದ ತಪ್ಪುತ್ತಿದೆ. ಅದರ ಬಗ್ಗೆ ನಾವು ಎಲ್ಲಿ ಮಾತನಾಡುತ್ತೇವೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 200ಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ಹವಾಮಾನ ಬದಲಾವಣೆಯಿಂದ ಅಂದಿನ ಮಳೆ ಸುಮಾರು ಶೇ. 10ರಷ್ಟು ಹೆಚ್ಚು ತೀವ್ರವಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸತ್ತವರಲ್ಲಿ ಚಹಾ ತೋಟದ ಕೂಲಿಕಾರರಿದ್ದರು. ಹೊಗೆ ಉಗುಳಿದವರು ಬೇರೆ, ಹೆಣ ಹೊತ್ತವರು ಬೇರೆ. ಆದ್ದರಿಂದ ಇದು ನ್ಯಾಯದ ಪ್ರಶ್ನೆ.

ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪತ್ರವನ್ನು ಕಥೋಲಿಕರಿಗೆ ಮಾತ್ರವಲ್ಲ, ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಬರೆದರು. ಪಶ್ಚಿಮ ಘಟ್ಟದ ವಿಷಯವನ್ನು ಗ್ರಾಮಸಭೆಗಳೇ ಚರ್ಚಿಸಲಿ ಎಂದು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಹೇಳಿತು. ಆದರೆ ಚರ್ಚೆಗಿಂತ ಗದ್ದಲವೇ ಹೆಚ್ಚಾಯಿತು. ಜಮೀನು ಕೈತಪ್ಪೀತೆಂಬ ರೈತನ ಭಯವನ್ನು ಹಗುರವಾಗಿ ಕಾಣಬಾರದು. ಅದನ್ನು ಧೈರ್ಯವಾಗಿ ಹೇಳೋಣ. ವಿಜ್ಞಾನಿಯ ಮಾತನ್ನೂ ತಾಳ್ಮೆಯಿಂದ ಕೇಳೋಣ. ಸತ್ಯವನ್ನೇ ನುಡಿಯುವುದು, ಒಪ್ಪದವರನ್ನು ಹೀಯಾಳಿಸದಿರುವುದು, ಬಡವನಿಗೆ ಮೊದಲು ಮಾತು ಕೊಡುವುದು: ಇದೇ ಕ್ರೈಸ್ತರ ಸಭಾಮರ್ಯಾದೆ.

ದೇವರು ತೋಟವನ್ನು ಮನುಷ್ಯನಿಗೆ ಒಪ್ಪಿಸಿದ್ದು ಉಳುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಹೌದು (ಆದಿಕಾಂಡ 2:15). ಕಾವಲುಗಾರ ಬಾಯಿ ಮುಚ್ಚಿ ಕುಳಿತರೆ ತೋಟ ಉಳಿದೀತೇ? ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಹೋಗೋಣ. ಗುಡ್ಡ ಅಗೆಯುವುದನ್ನು, ಕೆರೆ ಮುಚ್ಚುವುದನ್ನು ಎಲ್ಲ ಧರ್ಮದ ನೆರೆಯವರೊಡನೆ ಕುಳಿತು ಪ್ರಶ್ನಿಸೋಣ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.