ನಡೆಯುವ ಹಿರಿಯರನ್ನು ಹಿಂದಿನಿಂದ ಕರೆಯಬ್ಯಾಡ್ರಿ
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ 25 ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಯವರು ಈಗಾಗಲೇ ಓದಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ಒಕ್ಕಲಿಗ, ಡಾಕ್ಟರ ಅಲ್ಲ. ಆದರ ನಮ್ಮ ಮನ್ಯಾಗ ಆದದ್ದನ್ನ ಹೇಳಿದರ ನಾಲ್ಕು ಮನಿಗೆ ಉಪಯೋಗ ಆದೀತು ಅಂತ ನಿಂತೀನಿ.

ನಮ್ಮ ಅಪ್ಪ ಬೆಳೆಸಾಲದ ಕಾಗದಕ್ಕೆ ಹಾಕಿದ ಸಹಿ ಹಳೇ ಸಹಿಗೆ ಕೂಡಲಿಲ್ಲ. ಜ್ವಾಳದ ಕಾಳಿನಂಗ ಇರುತ್ತಿದ್ದ ಅಕ್ಷರ ಸಾಸಿವೆಯಷ್ಟು ಆಗಿದ್ದವು. "ಸರಿಯಾಗಿ ಮಾಡಪಾ" ಅಂತ ನಾನೇ ಮಂದಿ ಮುಂದ ಗದರಿದೆ. ಕೈ ನಡುಗುತ್ತಿರಲಿಲ್ಲ, ಹಿಂಗಾಗಿ ವಯಸ್ಸಾತು ಅಂದುಕೊಂಡ್ವಿ. ಮುಂದ ಕೆಲವು ತಿಂಗಳಿಗೆ, ಹಾಲಿನ ಚರಗಿ ಹಿಡಕೊಂಡು ಕೊಟ್ಟಗಿಯಿಂದ ಬರುತ್ತಿದ್ದಾಗ ಹಿಂದಿನಿಂದ ನಾನು "ಅಪ್ಪಾ, ತೊಗರಿ ಎಷ್ಟು ಚೀಲ ಆದವು?" ಅಂತ ಕೂಗಿದೆ. ಲೆಕ್ಕ ಹಾಕುತ್ತ ತಿರುಗಿದರು. ಕಾಲು ನೆಲಕ್ಕ ಅಂಟಿದಂಗಾಗಿ ತೋಲ ತಪ್ಪಿ ಬಿದ್ದರು. ತೊಡೆಯ ಎಲುಬು ಮುರಿಯಿತು.

ವಿಜಯಪುರದಲ್ಲಿ ಡಾಕ್ಟರು ಮೊದಲು ಕೇಳಿದ್ದು, "ನಡೀವಾಗ ಮಾತಾಡಿಸಿದರ ನಿಂತುಬಿಡ್ತಾರೇನು?" ಅಂತ. ಹೌದು, ನಿಲ್ಲುತ್ತಿದ್ದರು. ನಾವು ಅದನ್ನ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. 1817ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿ ಬರೆದ ರೋಗ ಇದು. ಆಯುರ್ವೇದದವರು ಕಂಪವಾತ ಅಂತಾರ. ಎಲ್ಲರಿಗೂ ಕಂಪ ಇರಲೇಬೇಕಂತಿಲ್ಲ.

ಹಳೇ ಎತ್ತಿಗೆ ಹೊಲದ ದಾರಿ ಗೊತ್ತಿರತದ. ಹಗ್ಗ ಸಡಿಲ ಬಿಟ್ಟು ಬಂಡ್ಯಾಗ ಮಾತಾಡಿಕೊಂತ ಬರಬಹುದು. ನಮ್ಮ ನಡಿಗೆಯೂ ಹಾಗೆಯೇ ರೂಢಿಯ ಮೇಲೆ ತಾನಾಗಿ ಸಾಗುತ್ತದೆ. ಅದನ್ನು ನಡೆಸುವ ಮೆದುಳಿನ ಒಳಭಾಗಕ್ಕೆ ಡೋಪಮೈನ್ ಎಂಬ ರಸ ಬೇಕು. ಪಾರ್ಕಿನ್ಸನ್‌ನಲ್ಲಿ ಆ ರಸ ತಯಾರಿಸುವ ಕೋಶಗಳು ಸಾಯುತ್ತವೆ. ಆಗ ಹಣೆಯ ಹಿಂದಿನ ಮೆದುಳು ಒಂದೊಂದು ಹೆಜ್ಜೆಗೂ ಹಗ್ಗ ಹಿಡಿದು ಕೂಡಬೇಕಾಗುತ್ತದೆ. ಲೆಕ್ಕ ಹಾಕುವುದೂ ಮಾತಿಗೆ ಉತ್ತರ ಹುಡುಕುವುದೂ ಅದೇ ಭಾಗದ ಕೆಲಸ. ಹಣೆಗೆ ಬೆಳಕಿನ ಪಟ್ಟಿ ಕಟ್ಟಿ, ರಕ್ತದೊಳಗಿನ ಆಮ್ಲಜನಕ ಅಳೆಯುತ್ತ ಜನರನ್ನು ನಡೆಸಿ ನೋಡಿದ್ದಾರೆ. ವಯಸ್ಸಾದವರಲ್ಲಿ ನಡೆಯುತ್ತ ಲೆಕ್ಕ ಮಾಡಿದಾಗ ಅಲ್ಲಿ ಕೆಲಸ ಏರುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಬರೇ ನಡೆದರೂ ಏರಿರುತ್ತದೆ. ಮ್ಯಾಲೊಂದು ಪ್ರಶ್ನೆ ಹೇರಿದರ ತಾಳಬೇಕು ಹ್ಯಾಂಗ?

ರೋಗ ಇಲ್ಲದ ಮುದುಕರೂ ಇದರ ಹೊರಗಿಲ್ಲ. ಸ್ವೀಡನ್ ದೇಶದಲ್ಲಿ ವೃದ್ಧರ ವಸತಿಯ 58 ಮಂದಿಯನ್ನು ನಡೆಯುವಾಗ ಮಾತಾಡಿಸಿ ನೋಡಿದರು. ಮಾತಿಗೆ ನಿಂತವರು 12 ಮಂದಿ. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಜನ ಬಿದ್ದರು. 1997ರಲ್ಲಿ ಇದು ಅಚ್ಚಾಯಿತು. ಖರ್ಚಿಲ್ಲದ ಪರೀಕ್ಷೆ, ನಮ್ಮ ಅಗಸಿಯಲ್ಲೂ ಮಾಡಬಹುದು.

ಹೊರಟವರನ್ನ ಹಿಂದಿನಿಂದ ಕರೀಬಾರದು ಅಂತ ಹಿರಿಯರು ಶಕುನ ಹೇಳತಿದ್ದರು. ನಾನು ನಗುತ್ತಿದ್ದೆ. ಈಗ ನಮ್ಮ ಮನ್ಯಾಗ ಅಪ್ಪನ ಮುಂದ ಬಂದು, ಕೂಡಿಸಿ, ಆಮ್ಯಾಲೆ ಮಾತು. ಕೈಯಾಗ ಚರಗಿ ಕೊಡೂದಿಲ್ಲ. ಹೊಸ್ತಿಲ ಹತ್ರ ಕಾಲು ಅಂಟುತ್ತದೆ, ಅದಕ್ಕ ನೆಲದ ಮೇಲೆ ಸುಣ್ಣದ ಗೆರಿ ಹಾಕೀವಿ. ಗೆರಿ ನೋಡಿ ದಾಟುತ್ತಾರೆ. ಜಗ್ಗಿದರ ಆಗೂದಿಲ್ಲ. ತಿರುಗುವಾಗ ಬಂಡಿ ತಿರುಗಿದಂಗ ದೊಡ್ಡ ಸುತ್ತು.

ನಸುಗುನ್ನಿ ಬೀಜದಲ್ಲಿ ಈ ರೋಗದ ಔಷಧವಾದ ಲೆವೊಡೋಪಾ ಇರುವುದು ಖರೆ. ಆದರ ಬೀಜದಿಂದ ಬೀಜಕ್ಕೆ ಅಳತೆ ಬ್ಯಾರೆ, ತಾವಾಗಿ ಅರೆದು ಕುಡೀಬ್ಯಾಡ್ರಿ. ಗುಳಿಗಿ ಹೊತ್ತಿಗೆ ಸರಿಯಾಗಿ ಕೊಡಬೇಕು, ತಟ್ಟನೆ ಬಿಡಬಾರದು. ಗುಳಿಗಿಯಿಂದ ಅಪ್ಪನ ಕೈ ಸಡಿಲಾತು, ಹೆಜ್ಜೆ ದೊಡ್ಡದಾತು. ತೋಲ ಮಾತ್ರ ಪೂರಾ ಬಂದಿಲ್ಲ.

ಅಧ್ಯಕ್ಷರಲ್ಲಿ ನನ್ನ ವಿನಂತಿ: ಸಂಘದ ಮೆಟ್ಟಿಲಿಗೆ ಕೈ ಹಿಡಿಯಲು ಒಂದು ಕಬ್ಬಿಣದ ಕಂಬಿ, ಸಹಿ ಮಾಡುವಲ್ಲಿ ಒಂದು ಕುರ್ಚಿ. ಸಹಿ ಸಣ್ಣದಾದ ಸದಸ್ಯರನ್ನು ತಿರುಗಿ ಕಳಿಸದೆ, ಗುರುತು ನೋಡಿ ಹೊಸ ಮಾದರಿ ಸಹಿ ತಗೋಬೇಕು. ಕಂಬಿಯ ಖರ್ಚು ನಾನು ಕೊಡತೀನಿ. ಮುಂದಿನ ಆಡಳಿತ ಮಂಡಳಿ ಸಭೆಗೆ ಅರ್ಜಿ ಬರೆದು ತಂದೀನಿ.